ಹೊಗೆ ಕವಿದ ದಿನ ಗಾಳಿ ಮೀಟರ್ ಹೇಳಿದ್ದು ಸರಿಯೇ? ದೋಷ ಪತ್ತೆ ಮಾಡುವ ಬಗೆ

ಕೈಗಾರಿಕಾ ಪ್ರದೇಶದ ಗೋದಾಮಿಗೆ ಬೆಂಕಿ ಬಿದ್ದಾಗ, ಊರಾಚೆಯ ಕಸದ ರಾಶಿ ಹೊತ್ತಿಕೊಂಡಾಗ, ಜಲ್ಲಿ ಕ್ರಷರ್ ಧೂಳು ಹಿಪ್ಪುನೇರಳೆ ತೋಟದ ಮೇಲೆ ಕೂತಾಗ ಎಲ್ಲರ ಕಣ್ಣು ಶಾಲೆಯ ಗೋಡೆಗೋ ಪಂಚಾಯಿತಿ ಕಟ್ಟಡಕ್ಕೋ ಹಾಕಿರುವ ಗಾಳಿ ಮೀಟರ್ ಕಡೆ ಹೋಗುತ್ತದೆ. ಅದು ಕೈಕೊಡುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಒಂದು ಪೆಟ್ಟಿಗೆ 400 ತೋರಿಸಿದರೆ ಎದುರು ಬೀದಿಯದ್ದು 180 ತೋರಿಸುತ್ತದೆ, ಇನ್ನೊಂದು ಸೊನ್ನೆಯಲ್ಲೇ ನಿಂತಿರುತ್ತದೆ. ಮರುದಿನ ಅರ್ಜಿ ಹಿಡಿದು ಹೋದರೆ ಮೊದಲ ಪ್ರಶ್ನೆ ಗಾಳಿಯ ಬಗ್ಗೆ ಬರುವುದಿಲ್ಲ, ಮೀಟರ್ ಬಗ್ಗೆ ಬರುತ್ತದೆ. ಒಂದು ಗಂಟೆಯ ಅಂಕಿ ತಪ್ಪೆಂದು ತೋರಿಸಿಬಿಟ್ಟರೆ ಉಳಿದ 23 ಗಂಟೆಗಳ ಅಂಕಿಯನ್ನೂ ಯಾರೂ ನಂಬುವುದಿಲ್ಲ. ಆದ್ದರಿಂದ ದೋಷ ಹುಡುಕುವುದಕ್ಕೆ ಒಂದು ಕ್ರಮ ಬೇಕು, ಆ ಕ್ರಮ ದಾಖಲೆಯನ್ನು ಅಳಿಸುವಂಥದ್ದಾಗಬಾರದು.

ಇಲ್ಲಿ ಹೇಳುವುದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಜನ ತಾವೇ ಜೋಡಿಸಿಕೊಳ್ಳಬಹುದಾದ ಪೆಟ್ಟಿಗೆಗಳ ಬಗ್ಗೆ: ಪ್ಲಾಂಟವರ್ ಪಿಎಂಎಸ್5003 ಅಥವಾ ನೋವಾ ಎಸ್‌ಡಿಎಸ್011 ಧೂಳು ಸೆನ್ಸರ್, ಇಎಸ್‌ಪಿ32 ಬೋರ್ಡ್ (ಸೆನ್ಸರ್ ಅಂಕಿ ಓದಿ ಬರೆದಿಡುವ ಸಣ್ಣ ಕಂಪ್ಯೂಟರ್), ತೇವಾಂಶ, ಉಷ್ಣತೆ, ಗಾಳಿಯ ಒತ್ತಡಕ್ಕೆ ಬಿಎಂಇ280 ಚಿಪ್, ಒಂದು ಎಸ್‌ಡಿ ಕಾರ್ಡ್, 5 ವೋಲ್ಟ್ ಅಡಾಪ್ಟರ್.

ಮೊದಲು ದಾಖಲೆ, ಆಮೇಲೆ ಸ್ಕ್ರೂಡ್ರೈವರ್

ಅಂಕಿ ವಿಚಿತ್ರವಾಗಿ ಕಂಡ ತಕ್ಷಣ ಪೆಟ್ಟಿಗೆ ಬಿಚ್ಚಿ ಊದುವುದು, ಸ್ವಿಚ್ ಆರಿಸಿ ಹಾಕುವುದು ಎಲ್ಲರೂ ಮಾಡುವ ಕೆಲಸ. ಹೊಗೆ ಬಂದ ದಿನ ಅದನ್ನು ಮಾಡಬೇಡಿ. ಬಿಚ್ಚಿದ ಕ್ಷಣದಿಂದ ಆ ಮೀಟರ್ ಹಿಂದಿನ ಗಂಟೆಗಳ ಮೀಟರ್ ಆಗಿ ಉಳಿಯುವುದಿಲ್ಲ. ಜೇಡರ ಬಲೆ ತೆಗೆದುಬಿಟ್ಟರೆ ಬಲೆ ಇದ್ದಾಗ ಎಷ್ಟು ತಪ್ಪು ತೋರಿಸುತ್ತಿತ್ತು ಎಂದು ಲೆಕ್ಕ ಹಾಕುವ ದಾರಿಯೇ ಮುಚ್ಚಿಹೋಗುತ್ತದೆ.

ಮೊದಲು ಎಸ್‌ಡಿ ಕಾರ್ಡ್‌ನ ಅಥವಾ ಸರ್ವರ್‌ನ ಮೂಲ ಕಡತವನ್ನು ಎರಡು ಕಡೆ ನಕಲು ಮಾಡಿ. ಪರದೆಯ ಫೋಟೋ ಸಾಲದು. ನಿಮಿಷ ನಿಮಿಷದ ಸಾಲುಗಳಿರುವ ಕಡತವೇ ಬೇಕು. ಪೆಟ್ಟಿಗೆಯ ಮುಂದೆ, ಹಿಂದೆ, ಗಾಳಿ ಒಳಬರುವ ಬಾಯಿಯ ಹತ್ತಿರದಿಂದ ಫೋಟೋ ತೆಗೆಯಿರಿ. ಸೆನ್ಸರ್‌ನ ಕ್ರಮಸಂಖ್ಯೆ ಓದುವಂತಿರಲಿ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ವಾಸನೆ ಹೇಗಿತ್ತು, ಎಷ್ಟು ಗಂಟೆಗೆ ಶುರುವಾಗಿ ಎಷ್ಟಕ್ಕೆ ನಿಂತಿತು ಎಂಬುದನ್ನು ಆಗಲೇ ಕಾಗದದಲ್ಲಿ ಬರೆದುಕೊಳ್ಳಿ. ನೆನಪಿನಿಂದ ಮೂರು ದಿನದ ಮೇಲೆ ಬರೆದದ್ದಕ್ಕೂ ಆಗಲೇ ಬರೆದದ್ದಕ್ಕೂ ಬೆಲೆಯಲ್ಲಿ ಬಹಳ ವ್ಯತ್ಯಾಸವಿದೆ. ಹೋಬಳಿ ಮಟ್ಟದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪನ ಕೇಂದ್ರಗಳಿವೆ; ಗಾಳಿಯ ದಿಕ್ಕು, ವೇಗಕ್ಕೆ ಆ ದಾಖಲೆ ಕೇಳಿ ಪಡೆಯಬಹುದು.

ಅಂಕಿ ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳಿ

ದೂರು ಬರುವ ಹಲವು ಸಂದರ್ಭಗಳಲ್ಲಿ ಮೀಟರ್ ಸರಿಯಾಗಿಯೇ ಇರುತ್ತದೆ, ಹೋಲಿಕೆ ತಪ್ಪಿರುತ್ತದೆ. ಪಿಎಂ 2.5, ಅಂದರೆ 2.5 ಮೈಕ್ರಾನ್‌ವರೆಗಿನ ಸಣ್ಣ ಕಣ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಘನ ಮೀಟರ್‌ಗೆ 55 ಮೈಕ್ರೋಗ್ರಾಂ ಇದೆ ಎಂದಿಟ್ಟುಕೊಳ್ಳಿ. ಭಾರತದ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಅದು ಸುಮಾರು 92, ಅಂದರೆ ‘ತೃಪ್ತಿಕರ’. ಅಮೆರಿಕದ ಸೂಚ್ಯಂಕದಲ್ಲಿ ಅದೇ ಗಾಳಿ 149. ಮೊಬೈಲ್ ಆ್ಯಪ್‌ಗಳಲ್ಲಿ ಹಲವು ಅಮೆರಿಕದ ಸೂಚ್ಯಂಕ ತೋರಿಸುತ್ತವೆ. ಒಬ್ಬರ ಫೋನಿನಲ್ಲಿ 149, ಗೋಡೆಯ ಪೆಟ್ಟಿಗೆಯಲ್ಲಿ 55, ಮಾಲಿನ್ಯ ನಿಯಂತ್ರಣ ಮಂಡಳಿಯ ಫಲಕದಲ್ಲಿ 92 ಬಂದರೆ ಮೂರೂ ಸರಿಯೇ. ಮಾತಾಡುವಾಗಲೂ ಬರೆಯುವಾಗಲೂ ಮೈಕ್ರೋಗ್ರಾಂ ಅಂಕಿಯನ್ನೇ ಬಳಸಿ, ಸೂಚ್ಯಂಕವನ್ನು ಬದಿಗಿಡಿ. ಜೊತೆಗೆ ಆ ಅಂಕಿ ಒಂದು ನಿಮಿಷದ್ದೋ, ಗಂಟೆಯ ಸರಾಸರಿಯೋ, 24 ಗಂಟೆಯದ್ದೋ ಎಂದು ಪ್ರತಿ ಸಲವೂ ಹೇಳಿ.

ಇನ್ನೊಂದು ಸೂಕ್ಷ್ಮ ಪಿಎಂಎಸ್5003 ಒಳಗೇ ಇದೆ, ಹೊಗೆಯ ದಿನಗಳಲ್ಲಿ ಅತಿ ಹೆಚ್ಚು ಗೊಂದಲ ಮಾಡುವುದು ಇದೇ. ಈ ಸೆನ್ಸರ್ ಪ್ರತಿ ಸಲ ಎರಡು ಬಗೆಯ ಪಿಎಂ 2.5 ಅಂಕಿ ಕಳಿಸುತ್ತದೆ: ‘ಸಿಎಫ್ 1’ ಎಂಬುದೊಂದು, ‘ವಾತಾವರಣ’ ಎಂಬುದೊಂದು. ಗಾಳಿ ಚೆನ್ನಾಗಿರುವಾಗ, ಸುಮಾರು 30 ಮೈಕ್ರೋಗ್ರಾಂವರೆಗೆ, ಎರಡೂ ಒಂದೇ. ಅದರಿಂದ ಮೇಲೆ ಹೋದಂತೆ ಸಿಎಫ್ 1 ಮುಂದೆ ಓಡುತ್ತದೆ; ದಟ್ಟ ಹೊಗೆಯಲ್ಲಿ ಅದು ಇನ್ನೊಂದರ ಒಂದೂವರೆ ಪಟ್ಟು ಆಗುತ್ತದೆ. ಒಂದು ಪೆಟ್ಟಿಗೆಯ ಪ್ರೋಗ್ರಾಂ ಒಂದು ಕಾಲಂ ಓದುತ್ತಿದ್ದು, ಇನ್ನೊಂದರದ್ದು ಬೇರೆ ಕಾಲಂ ಓದುತ್ತಿದ್ದರೆ ವರ್ಷವಿಡೀ ಎರಡೂ ಹೊಂದಿಕೊಂಡಿರುತ್ತವೆ, ಬೆಂಕಿಯ ದಿನ ಮಾತ್ರ ಜಗಳವಾಡುತ್ತವೆ. ಆದ್ದರಿಂದ ‘ಹೊಗೆ ಬಂದಾಗ ಮಾತ್ರ ಹೊಂದುವುದಿಲ್ಲ’ ಎಂದರೆ ಸೆನ್ಸರ್ ಬಿಚ್ಚುವ ಮೊದಲು ಪ್ರೋಗ್ರಾಂ ಯಾವ ಕಾಲಂ ಎತ್ತಿಕೊಳ್ಳುತ್ತಿದೆ ನೋಡಿ. ಎರಡೂ ಕಾಲಂಗಳನ್ನು ಕಡತದಲ್ಲಿ ಉಳಿಸಿಕೊಳ್ಳುವುದೇ ಸರಿಯಾದ ಪರಿಹಾರ.

ಅಂಕಿ ಸೊನ್ನೆಯಲ್ಲಿದೆ, ಅಥವಾ ಒಂದೇ ಕಡೆ ನಿಂತಿದೆ

ಇವೆರಡೂ ಬೇರೆ ಬೇರೆ ರೋಗ.

ಒಂದೇ ಅಂಕಿ, ಉದಾಹರಣೆಗೆ 37, ಗಂಟೆಗಟ್ಟಲೆ ಬಂದರೆ ಸೆನ್ಸರ್‌ನಿಂದ ಹೊಸ ಮಾಹಿತಿ ಬರುತ್ತಿಲ್ಲ, ಪ್ರೋಗ್ರಾಂ ಹಳೆಯದನ್ನೇ ಮತ್ತೆ ಮತ್ತೆ ಬರೆಯುತ್ತಿದೆ ಎಂದರ್ಥ. ನಿಜವಾದ ಗಾಳಿಯಲ್ಲಿ ಎರಡು ನಿಮಿಷ ಒಂದೇ ಅಂಕಿ ಇದ್ದರೇ ಅಪರೂಪ. ಪಿಎಂಎಸ್5003 ಸೆಕೆಂಡಿಗೆ 9600 ಬಿಟ್ ವೇಗದಲ್ಲಿ 32 ಬೈಟ್‌ಗಳ ಒಂದೊಂದು ಕಂತು ಕಳಿಸುತ್ತದೆ. ಮೊದಲ ಎರಡು ಬೈಟ್ ಯಾವಾಗಲೂ 66, 77. ಮೊದಲ 30 ಬೈಟ್‌ಗಳ ಮೊತ್ತ ಕೊನೆಯ ಎರಡು ಬೈಟ್‌ಗಳು ಹೇಳುವ ಅಂಕಿಗೆ ಸಮನಾಗಿರಬೇಕು. ಈ ಲೆಕ್ಕ ತಾಳೆಯಾಗದ ಕಂತನ್ನು ಪ್ರೋಗ್ರಾಂ ಖಾಲಿ ಎಂದು ಬರೆಯಬೇಕೇ ಹೊರತು ಹಿಂದಿನ ಅಂಕಿಯಿಂದ ತುಂಬಬಾರದು. ಖಾಲಿ ಜಾಗ ನಮಗೆ ಏನೂ ಕೇಡು ಮಾಡುವುದಿಲ್ಲ; ಸುಳ್ಳು ಅಂಕಿ ಮಾಡುತ್ತದೆ. ಕಂತು ಕೆಡುವುದಕ್ಕೆ ಕಾರಣ ಬಹುತೇಕ ಆ ಸಣ್ಣ ಎಂಟು ಪಿನ್ನಿನ ಕನೆಕ್ಟರ್: ತಂತಿ ಎಳೆದಂತಾಗಿ ಸಡಿಲವಾಗಿರುತ್ತದೆ. ಕನೆಕ್ಟರ್ ಒತ್ತಿ ಕೂರಿಸಿ, ತಂತಿಯನ್ನು ಪೆಟ್ಟಿಗೆಯ ಗೋಡೆಗೆ ಕೇಬಲ್ ಟೈ ಹಾಕಿ ಕಟ್ಟಿ. ತಂತಿಯನ್ನು ಒಂದಡಿಗಿಂತ ಉದ್ದ ಮಾಡಬೇಡಿ.

ಸೊನ್ನೆ ಬಂದರೆ ಕಣಗಳ ಎಣಿಕೆಯ ಕಾಲಂ ನೋಡಿ. 0.3 ಮೈಕ್ರಾನಿಗಿಂತ ದೊಡ್ಡ ಕಣ 0.1 ಲೀಟರ್ ಗಾಳಿಯಲ್ಲಿ ಎಷ್ಟಿವೆ ಎಂದು ಅದು ಹೇಳುತ್ತದೆ. ಮಳೆ ನಿಂತ ಮೇಲಿನ ತಿಳಿಗಾಳಿಯಲ್ಲೂ ಹೊರಗಡೆ ಅದು ನೂರರ ಲೆಕ್ಕದಲ್ಲಿರುತ್ತದೆ. ಅದೂ ಸೊನ್ನೆಯಾದರೆ ಲೇಸರ್ ಹೋಗಿದೆ, ಇಲ್ಲವೇ ಫ್ಯಾನ್ ನಿಂತಿದೆ. ಕಿವಿ ಹತ್ತಿರ ಹಿಡಿದರೆ ಫ್ಯಾನಿನ ಸಣ್ಣ ಶಬ್ದ ಕೇಳಬೇಕು. ಶಬ್ದವಿಲ್ಲದಿದ್ದರೆ ಸೆನ್ಸರ್‌ನ 1 ಮತ್ತು 2ನೇ ಪಿನ್ ನಡುವೆ ಮಲ್ಟಿಮೀಟರ್ ಇಡಿ. 4.5ರಿಂದ 5.5 ವೋಲ್ಟ್ ಒಳಗಿರಬೇಕು. ಅಡಾಪ್ಟರ್ ಬಾಯಲ್ಲಿ 5.1 ಇದ್ದು ಸೆನ್ಸರ್ ಬಳಿ 4.3 ಇದ್ದರೆ ತಪ್ಪು ಮೂರು ಮೀಟರ್‌ನ ತೆಳು ಯುಎಸ್‌ಬಿ ಕೇಬಲ್‌ದು. ಇದು ಬರಿಯ ಆರಿಸು-ಹತ್ತಿಸು ದೋಷವಲ್ಲ: ವೋಲ್ಟ್ ಕಡಿಮೆಯಾದರೆ ಫ್ಯಾನ್ ನಿಧಾನವಾಗಿ, ಒಳಗೆ ಹೋಗುವ ಗಾಳಿ ಕಡಿಮೆಯಾಗಿ, ಅಂಕಿ ಸುಮ್ಮನೆ ಕೆಳಗಿಳಿಯುತ್ತದೆ. ಹೊರನೋಟಕ್ಕೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ.

ಎಸ್‌ಡಿಎಸ್011 ಆದರೆ ವಯಸ್ಸನ್ನೂ ಲೆಕ್ಕ ಹಾಕಿ. ಅದರ ಲೇಸರ್ ಆಯಸ್ಸು 8,000 ಗಂಟೆ. ಬಿಡದೆ ಓಡಿಸಿದರೆ 333 ದಿನ, ಒಂದು ವರ್ಷವೂ ಇಲ್ಲ. ಐದು ನಿಮಿಷಕ್ಕೊಮ್ಮೆ ಎಬ್ಬಿಸಿ, 30 ಸೆಕೆಂಡ್ ಓಡಲು ಬಿಟ್ಟು, ಆಮೇಲೆ 30 ಸೆಕೆಂಡ್ ಅಳತೆ ತೆಗೆದು ಮಲಗಿಸಿದರೆ ನಾಲ್ಕು ವರ್ಷಕ್ಕೂ ಮೀರಿ ಬರುತ್ತದೆ. ಹೊಗೆ ಬಂದ ದಿನ ಮಾತ್ರ ಬಿಡದೆ ಓಡಿಸಿ.

ಬೆಳಗಿನ ಜಾವ ಮಾತ್ರ ಏರುತ್ತದೆ

ನಂದಿ ಬೆಟ್ಟದ ಸುತ್ತಲ ಊರುಗಳಲ್ಲಿ, ಚಿಕ್ಕಬಳ್ಳಾಪುರದ ಕೆರೆ ಬಯಲಿನಲ್ಲಿ ನವೆಂಬರ್‌ನಿಂದ ಜನವರಿವರೆಗೆ ಬರುವ ದೂರು ಇದು. ಬೆಳಿಗ್ಗೆ 4ರಿಂದ 8ರವರೆಗೆ ಅಂಕಿ ಮೇಲೇರಿ, ಬಿಸಿಲು ಬಿದ್ದೊಡನೆ ಕುಸಿಯುತ್ತದೆ. ಲೇಸರ್ ಸೆನ್ಸರ್‌ಗೆ ಮಂಜಿನ ಹನಿಯೂ ಹೊಗೆಯ ಕಣವೂ ಬೇರೆಯಲ್ಲ. ಬೆಳಕು ಚದುರಿದರೆ ಅದು ಎಣಿಸುತ್ತದೆ. ತೇವಾಂಶ ಶೇ. 80-85 ದಾಟಿದ ಮೇಲೆ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಅಂಕಿಯೂ ಊದಿಕೊಳ್ಳುತ್ತದೆ. ಎಸ್‌ಡಿಎಸ್011 ತಯಾರಕರು ಹೇಳುವ ಮಿತಿಯೇ ಶೇ. 70.

ಹಾಗೆಂದು ಬೆಳಗಿನ ಏರಿಕೆಯನ್ನೆಲ್ಲ ಮಂಜಿನ ಲೆಕ್ಕಕ್ಕೆ ಬರೆದರೆ ಅದು ದೊಡ್ಡ ಅನ್ಯಾಯ. ರಾತ್ರಿ ಸುಟ್ಟ ಕಸದ ಹೊಗೆ ಚಳಿಗಾಲದಲ್ಲಿ ಮೇಲೆ ಹೋಗದೆ ನೆಲಕ್ಕಂಟಿ ನಿಲ್ಲುವುದೂ ಇದೇ ಹೊತ್ತಿನಲ್ಲಿ. ಬೇರ್ಪಡಿಸುವುದು ಹೀಗೆ: ತೇವಾಂಶ ಮತ್ತು ಪಿಎಂ 2.5 ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ. ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ, ಹಲವು ಕಿಲೋಮೀಟರ್ ದೂರದ ಪೆಟ್ಟಿಗೆಯಲ್ಲೂ ಅದೇ ಆಕಾರ ಕಂಡರೆ, ಮಂಜಿನ ಪಾಲು ದೊಡ್ಡದು. ಶೇ. 95 ತೇವಾಂಶದಲ್ಲಿ ನಿಮ್ಮ ಪೆಟ್ಟಿಗೆ ಮಾತ್ರ ಏರಿ ಪಕ್ಕದೂರಿನದ್ದು ಏರದಿದ್ದರೆ ಹತ್ತಿರದಲ್ಲೇ ಏನೋ ಉರಿಯುತ್ತಿದೆ. ಶೇ. 90 ಮೀರಿದ ಗಂಟೆಗಳನ್ನು ಅಳಿಸಬೇಡಿ, ಗುರುತು ಹಾಕಿಡಿ. ದೂರಿಗೆ ಆಧಾರವಾಗಿ ಒಣ ಗಂಟೆಗಳನ್ನೇ ಮುಂದಿಡಿ.

ಇಲ್ಲೊಂದು ಬಲೆ ಇದೆ. ಬಿಎಂಇ280 ಪೆಟ್ಟಿಗೆಯ ಒಳಗಿದ್ದರೆ ಬೋರ್ಡಿನ ಬಿಸಿಯಿಂದ ಹೊರಗಿಗಿಂತ ಕೆಲವು ಡಿಗ್ರಿ ಹೆಚ್ಚು ತೋರಿಸುತ್ತದೆ, ತೇವಾಂಶ ಅದಕ್ಕೆ ತಕ್ಕಂತೆ ಕಡಿಮೆ ತೋರಿಸುತ್ತದೆ. ಹೊರಗೆ ಮಂಜು ಕವಿದಿದ್ದರೂ ಒಳಗೆ ಶೇ. 78 ಇರುತ್ತದೆ. ಅದನ್ನು ಪೆಟ್ಟಿಗೆಯ ಕೆಳಭಾಗಕ್ಕೆ, ಬೋರ್ಡಿನಿಂದ ದೂರ ಇಡಿ. ಅದು ನಂಬಿಕಸ್ಥವೇ ಎಂದು ನೋಡಲು ಒತ್ತಡದ ಅಂಕಿ ಸಾಕು: ಸಮುದ್ರಮಟ್ಟದಿಂದ 820 ಮೀಟರ್ ಎತ್ತರದ ತುಮಕೂರು, ಕೋಲಾರದಲ್ಲಿ ಅದು 920 ಹೆಕ್ಟೋಪಾಸ್ಕಲ್ ಆಸುಪಾಸು ಇರಬೇಕು, ಚಿಕ್ಕಬಳ್ಳಾಪುರದಲ್ಲಿ ಇನ್ನೂ ಹತ್ತರಷ್ಟು ಕಡಿಮೆ. 1013 ತೋರಿಸಿದರೆ ಪ್ರೋಗ್ರಾಂ ಸಮುದ್ರಮಟ್ಟಕ್ಕೆ ಪರಿವರ್ತಿಸಿ ಬರೆಯುತ್ತಿದೆ, ಇಲ್ಲವೇ ಚಿಪ್ ಕೆಟ್ಟಿದೆ.

ಮಂಜಿಲ್ಲದ ತಿಂಗಳಲ್ಲೂ ದಿನಾ 6ರಿಂದ 7ರೊಳಗೆ ಚೂಪಾದ ಏರಿಕೆ ಇದ್ದರೆ ಬಚ್ಚಲ ಒಲೆ ಹುಡುಕಿ. ಹಂಡೆಗೆ ಸೌದೆ ಹಾಕುವ ಮನೆ 10 ಮೀಟರ್ ಒಳಗಿದ್ದರೆ ಆ ಪೆಟ್ಟಿಗೆ ಊರಿನ ಗಾಳಿಯನ್ನಲ್ಲ, ಆ ಮನೆಯ ನೀರು ಕಾಯುವುದನ್ನು ಅಳೆಯುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕಗಳ ಹತ್ತಿರವಾದರೆ ಹೊಗೆಯ ಜೊತೆಗೆ ಕುದಿನೀರಿನ ಹಬೆಯೂ ಸೇರುತ್ತದೆ. ಮಂಜಿಗೆ ಹೇಳಿದ್ದೇ ಹಬೆಗೂ. ಸಂಕ್ರಾಂತಿ ಸಂಜೆ ದನಗಳನ್ನು ಕಿಚ್ಚು ಹಾಯಿಸುವಾಗ, ದೀಪಾವಳಿಯ ಮೂರು ರಾತ್ರಿ, ರಾಗಿ ಒಕ್ಕಣೆಗೆ ರಸ್ತೆಯ ಮೇಲೆ ತೆನೆ ಹರಡುವ ದಿನಗಳಲ್ಲಿ ಬರುವ ಏರಿಕೆಗೆ ಕಡತದ ಪಕ್ಕದಲ್ಲೇ ಟಿಪ್ಪಣಿ ಬರೆದಿಡಿ. ಕಾರ್ಖಾನೆಯ ಮೇಲೆ ಹೊರಿಸಿದ ಏರಿಕೆ ಹಬ್ಬದ್ದೆಂದು ಆಮೇಲೆ ಬಯಲಾದರೆ ಇಡೀ ದೂರು ಬಿದ್ದುಹೋಗುತ್ತದೆ.

ಕಣ್ಣಿಗೆ ಧೂಳು ಕಾಣುತ್ತದೆ, ಮೀಟರ್ ತೋರಿಸುವುದಿಲ್ಲ

ಟೇಕಲ್, ಪೇರೇಸಂದ್ರದ ಕಡೆ ಕ್ರಷರ್‌ಗಳ ಪಕ್ಕದಲ್ಲಿರುವವರು ಇದನ್ನು ಚೆನ್ನಾಗಿ ಬಲ್ಲರು. ಎಲೆಯ ಮೇಲೆ ಬಿಳಿ ಧೂಳು ಬೆರಳಲ್ಲಿ ಗೀಚುವಷ್ಟು ಕೂತಿರುತ್ತದೆ, ಪೆಟ್ಟಿಗೆ ಪಿಎಂ 10 (10 ಮೈಕ್ರಾನ್‌ವರೆಗಿನ ಕಣ) ಅನ್ನು 45 ಎನ್ನುತ್ತದೆ. ಸೆನ್ಸರ್ ಕೆಟ್ಟಿಲ್ಲ, ಅದಕ್ಕೆ ಆ ಕೆಲಸವೇ ಬರುವುದಿಲ್ಲ. ಪಿಎಂಎಸ್5003 ಚಿಕ್ಕ ಕಣಗಳನ್ನು ಚೆನ್ನಾಗಿ ಕಾಣುತ್ತದೆ, 2.5ರಿಂದ 10 ಮೈಕ್ರಾನಿನ ಒರಟು ಕಣಗಳು ಅದರ ಸಣ್ಣ ಫ್ಯಾನಿನ ಸೆಳೆತಕ್ಕೆ, ತಿರುವುಗಳ ದಾರಿಗೆ ಸಿಕ್ಕುವುದೇ ಕಡಿಮೆ. ಅದು ಪಿಎಂ 10 ಎಂದು ಕೊಡುವುದು ಬಹುಪಾಲು ಚಿಕ್ಕ ಕಣಗಳಿಂದ ಕಟ್ಟಿದ ಅಂದಾಜು. ಸೌದೆ, ಪ್ಲಾಸ್ಟಿಕ್, ಟೈರ್ ಹೊಗೆಗೆ ಈ ಸೆನ್ಸರ್ ಸರಿ. ಕಲ್ಲಿನ ಪುಡಿಗೆ ಅಲ್ಲ.

ಕೆಜಿಎಫ್‌ನ ಸೈನೈಡ್ ದಿಬ್ಬಗಳಿಂದ ಬೇಸಿಗೆಯ ಗಾಳಿಗೆ ಏಳುವ ಧೂಳಿಗೂ ಇದೇ ಮಾತು. ಗಣಿ 2001ರಲ್ಲಿ ಮುಚ್ಚಿದರೂ ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ ಅಲ್ಲೇ ಇದೆ. ಅಲ್ಲಿ ಬೇಕಾದದ್ದು ಫಿಲ್ಟರ್ ತೂಗುವ ವಿಧಾನ: ನಿಗದಿತ ವೇಗದಲ್ಲಿ ಗಾಳಿ ಎಳೆದು, ಫಿಲ್ಟರನ್ನು ಮೊದಲು ಮತ್ತು ಆಮೇಲೆ ತೂಗುವುದು. ಧೂಳಿನಲ್ಲಿ ಸಿಲಿಕಾ ಎಷ್ಟು, ಲೋಹ ಎಷ್ಟು ಎಂಬುದೂ ಆ ಫಿಲ್ಟರಿನಿಂದಲೇ ತಿಳಿಯಬೇಕು. ಕ್ರಷರ್ ದೂರಿಗೆ ಅಗ್ಗದ ಪೆಟ್ಟಿಗೆಯ ಪಿಎಂ 10 ಅಂಕಿಯನ್ನು ಎಂದೂ ಆಧಾರ ಮಾಡಬೇಡಿ. ಎದುರಿನವರು ಅದನ್ನೇ ಹಿಡಿದು ‘ನೋಡಿ, ಮಿತಿಯೊಳಗಿದೆ’ ಎಂದು ನಿಮ್ಮ ಮೇಲೇ ತಿರುಗಿಸಬಹುದು. ಗಂಟೆವಾರು ಫೋಟೋ, ಗಾಳಿಯ ದಿಕ್ಕು, ಲಾರಿಗಳ ಓಡಾಟದ ಸಮಯ ಬರೆದಿಟ್ಟು ಫಿಲ್ಟರ್ ಮಾಪನ ಕೇಳಿ.

ವಾಸನೆ ಇದೆ, ಮೀಟರ್ ಸುಮ್ಮನಿದೆ

ಧೂಳು ಸೆನ್ಸರ್‌ಗೆ ಅನಿಲ ಕಾಣುವುದಿಲ್ಲ. ಶೀತಲಗೃಹದಿಂದ ಅಮೋನಿಯಾ ಸೋರಿದರೂ, ತ್ಯಾಜ್ಯನೀರಿನಿಂದ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎದ್ದರೂ ಪಿಎಂ 2.5 ಅಂಕಿ ಕದಲದಿರಬಹುದು. ‘ಮೀಟರ್ 30 ತೋರಿಸುತ್ತಿದೆ, ಏನೂ ಆಗಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಣ್ಣುರಿ, ಉಸಿರು ಕಟ್ಟುವುದು ಕಂಡರೆ ಅಳತೆಯ ಕೆಲಸ ಬಿಟ್ಟು, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ದೂರ ಹೋಗಿ 112ಕ್ಕೆ ಕರೆ ಮಾಡಿ. ಎನ್95 ಮುಸುಕು ಅನಿಲವನ್ನು ತಡೆಯುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತೆಂದು ವಾಪಸ್ ಹೋಗುವುದು ಪ್ರಾಣಕ್ಕೆ ಅಪಾಯ.

ಎಂಕ್ಯೂ135 ಎಂಬ ಅಗ್ಗದ ಅನಿಲ ಸೆನ್ಸರ್ ಪೆಟ್ಟಿಗೆಯಲ್ಲಿದ್ದರೆ ಅದರಿಂದ ಹೆಚ್ಚು ಬಯಸಬೇಡಿ. ಅಮೋನಿಯಾ, ಮದ್ಯಸಾರ, ಬೆಂಜೀನ್, ಹೊಗೆ ಎಲ್ಲಕ್ಕೂ ಅದು ಒಂದೇ ರೀತಿ ಕುಣಿಯುತ್ತದೆ, ತೇವಾಂಶಕ್ಕೂ ಕುಣಿಯುತ್ತದೆ. ಹೊಸದಾಗಿ ಹಾಕಿದಾಗ ಕನಿಷ್ಠ 24 ಗಂಟೆ ಬಿಸಿಯಾಗಲು ಬಿಡಬೇಕು. ಕರೆಂಟು ಹೋಗಿ ಬಂದ ಕೂಡಲೇ ಅದು ತೋರಿಸುವ ಏರಿಕೆ ಅನಿಲದ್ದಲ್ಲ, ಹೀಟರ್‌ದು. ‘ಈ ಗಂಟೆಗೆ ಏನೋ ಬದಲಾಯಿತು’ ಎಂಬಷ್ಟಕ್ಕೆ ಮಾತ್ರ ಅದು ಸಾಕ್ಷಿ.

ಯಾವ ಅನಿಲ, ಎಷ್ಟು ಎಂದು ತಿಳಿಯಲು ಬಣ್ಣ ಬದಲಿಸುವ ಗಾಜಿನ ನಳಿಕೆಗಳಿವೆ. ಕೈಪಂಪಿನಿಂದ ಒಂದು ಎಳೆತಕ್ಕೆ 100 ಮಿಲಿಲೀಟರ್ ಗಾಳಿ ಎಳೆಯುತ್ತವೆ. ಇದರಲ್ಲಿ ಕೆಡುವುದು ಮುಖ್ಯವಾಗಿ ಪಂಪು. ಬಳಸುವ ಮೊದಲು ತುದಿ ಮುರಿಯದ ನಳಿಕೆ ಸಿಕ್ಕಿಸಿ, ಹಿಡಿ ಪೂರ್ತಿ ಎಳೆದು, ಒಂದು ನಿಮಿಷ ಬಿಟ್ಟು ಸಡಿಲಿಸಿ. ಹಿಡಿ ಹಿಂದಕ್ಕೆ ಹೋಗಿ ಮೊದಲಿನ ಜಾಗಕ್ಕೇ ಕೂರಬೇಕು. ಅರ್ಧಕ್ಕೆ ನಿಂತರೆ ಪಂಪು ಸೋರುತ್ತಿದೆ, ಆ ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ. ನಳಿಕೆಯ ಎರಡೂ ತುದಿ ಮುರಿಯಬೇಕು, ಬಾಣದ ಗುರುತು ಪಂಪಿನ ಕಡೆ ಇರಬೇಕು, ಅವಧಿ ಮೀರಿರಬಾರದು. ದ್ರಾವಕಗಳ ವಾಸನೆಯಾದರೆ ಟೆಡ್ಲಾರ್ ಚೀಲದಲ್ಲಿ (ಗಾಳಿಯ ಮಾದರಿ ಹಿಡಿಯುವ ಪ್ಲಾಸ್ಟಿಕ್ ಚೀಲ) ಗಾಳಿ ಹಿಡಿದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬಹುದು. ಪ್ರಯೋಗಾಲಯದವರ ಜೊತೆ ಘಟನೆಗೆ ಮುಂಚೆಯೇ ಮಾತಾಡಿಕೊಂಡಿರಬೇಕು, ಏಕೆಂದರೆ ಗಂಧಕದ ಅನಿಲಗಳಾದರೆ 24 ಗಂಟೆಯೊಳಗೆ ಪರೀಕ್ಷೆಯಾಗದಿದ್ದರೆ ಚೀಲದೊಳಗೇ ಕರಗಿಹೋಗುತ್ತವೆ. ಚೀಲವನ್ನು ಬಿಸಿಲಿಗಿಡಬೇಡಿ, ಪೂರ್ತಿ ಊದಿಸಬೇಡಿ.

ಮಧ್ಯೆ ಮಧ್ಯೆ ಮಾಹಿತಿಯೇ ಇಲ್ಲ

ಹಳ್ಳಿಗಳಲ್ಲಿ ತ್ರೀ ಫೇಸ್ ಬರುವ ಹೊತ್ತಿಗೆ ಸುತ್ತಲ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೇ ಎದ್ದು ವೋಲ್ಟೇಜ್ ಕುಸಿಯುತ್ತದೆ. ಬಲ್ಬು ಮಂಕಾಗುವಷ್ಟು ಸಾಕು, ಇಎಸ್‌ಪಿ32 ಮರುಪ್ರಾರಂಭವಾಗುತ್ತದೆ. ಕಡತದ ತೂತುಗಳು ದಿನಾ ಒಂದೇ ಗಂಟೆಗೆ ಬಿದ್ದಿದ್ದರೆ ಮೊದಲು ತ್ರೀ ಫೇಸ್ ವೇಳಾಪಟ್ಟಿಗೆ ಹೋಲಿಸಿ. 5 ವೋಲ್ಟ್, 2 ಆಂಪಿಯರ್‌ನ ಒಳ್ಳೆಯ ಅಡಾಪ್ಟರ್, ಬೋರ್ಡಿನ 5 ವೋಲ್ಟ್ ಪಿನ್ನಿಗೆ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಜೊತೆಗೊಂದು ಬ್ಯಾಟರಿ ಇದ್ದರೆ ಈ ಕಾಟ ಬಹುತೇಕ ನಿಲ್ಲುತ್ತದೆ. ಸೋಲಾರ್ ಹಾಕುವವರು ಲೆಕ್ಕ ಹಾಕಿ ಹಾಕಿ: ಪೆಟ್ಟಿಗೆ ಸರಾಸರಿ 1 ವ್ಯಾಟ್ ಎಳೆದರೆ ದಿನಕ್ಕೆ 24 ವ್ಯಾಟ್-ಗಂಟೆ, ನಷ್ಟ ಸೇರಿಸಿ 35. ಆಷಾಢದ ಮೋಡದ ಮೂರು ದಿನಕ್ಕೆ 105 ವ್ಯಾಟ್-ಗಂಟೆಯ ಬ್ಯಾಟರಿ ಬೇಕು, ಪ್ಯಾನೆಲ್ 20 ವ್ಯಾಟ್‌ಗೆ ಕಡಿಮೆ ಬೇಡ.

ಕಡತದಲ್ಲಿ 1970 ಜನವರಿ 1, ಬೆಳಿಗ್ಗೆ 5:30 ಎಂದು ಕಂಡರೆ ಗಾಬರಿಯಾಗಬೇಡಿ. ಕರೆಂಟು ಬಂದ ಮೇಲೆ ಬೋರ್ಡಿಗೆ ಇಂಟರ್ನೆಟ್‌ನಿಂದ ಸಮಯ ಸಿಕ್ಕಿಲ್ಲ, ಅದು ಸೊನ್ನೆಯಿಂದ ಎಣಿಸುತ್ತಿದೆ. ಡಿಎಸ್3231 ಗಡಿಯಾರದ ಚಿಪ್ಪನ್ನು ಬಟನ್ ಸೆಲ್ ಸಮೇತ ಹಾಕಿದರೆ ಇದು ಮುಗಿಯಿತು. ಇದಕ್ಕಿಂತ ಕೆಟ್ಟದ್ದು ಸರಿಯಾಗಿ 5 ಗಂಟೆ 30 ನಿಮಿಷ ಹಿಂದೆ ಇರುವ ಸಮಯ: ಸರ್ವರ್ ಅಂತರರಾಷ್ಟ್ರೀಯ ಸಮಯದಲ್ಲಿ ಬರೆದಿರುತ್ತದೆ. ರಾತ್ರಿ 10ಕ್ಕೆ ಬಂದ ಹೊಗೆ ಸಂಜೆ 4:30ಕ್ಕೆ ಬಂದಂತೆ ಕಾಣುತ್ತದೆ. ಕಾರ್ಖಾನೆಯ ಪಾಳಿಯ ಜೊತೆಗೆ ಹೋಲಿಸುವವರು ಇದನ್ನು ನೋಡದೆ ಒಂದಕ್ಷರ ಬರೆಯಬಾರದು.

ವೈ-ಫೈ ವಿಷಯದಲ್ಲಿ ಹೇಳುವುದು ಕಡಿಮೆ: ಇಎಸ್‌ಪಿ32 ಹಿಡಿಯುವುದು 2.4 ಗಿಗಾಹರ್ಟ್ಸ್ ಮಾತ್ರ. ಶಾಲೆಯವರು ರೂಟರ್ ಬದಲಿಸಿದರೋ ಪಾಸ್‌ವರ್ಡ್ ಬದಲಿಸಿದರೋ ಕೇಳಿ.

ಬಿಚ್ಚಿ ಶುಚಿ ಮಾಡುವಾಗ

ಪೆಟ್ಟಿಗೆಯ ಬಾಯಿಗೆ ಸುಮಾರು 1 ಮಿಲಿಮೀಟರ್ ಕಣ್ಣಿನ ಸ್ಟೀಲ್ ಜಾಲರಿ ಹಾಕಿ. ಅದಿಲ್ಲದಿದ್ದರೆ ಜೇಡ, ಇರುವೆ, ಕಡಜದ ಮಣ್ಣಿನ ಗೂಡು, ಹಲ್ಲಿಯ ಮೊಟ್ಟೆ ಯಾವುದೂ ಬಿಡುವುದಿಲ್ಲ. ಬಟ್ಟೆ ಕಟ್ಟಬಾರದು, ಅದು ಅಳೆಯಬೇಕಾದ ಧೂಳನ್ನೇ ಸೋಸಿಬಿಡುತ್ತದೆ. ಒಳಗಿನ ಜೇಡರ ಎಳೆಯೊಂದು ಲೇಸರ್‌ಗೆ ಅಡ್ಡ ಬಂದರೆ ಅಂಕಿ ಏಕಾಏಕಿ ನೂರರಷ್ಟು ಏರಿ ಅಲ್ಲೇ ನಿಲ್ಲುತ್ತದೆ. ಶುಚಿ ಮಾಡಲು ಕ್ಯಾಮೆರಾ ಲೆನ್ಸಿಗೆ ಊದುವ ರಬ್ಬರ್ ಬುರುಡೆ, ಮೆತ್ತನೆಯ ಅರ್ಧ ಇಂಚಿನ ಕುಂಚ ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಎಂದೂ ಊದಿಸಬೇಡಿ: ಆ ಗಾಳಿಯಲ್ಲಿ ಎಣ್ಣೆ, ನೀರು ಇರುತ್ತದೆ, ಸಣ್ಣ ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹೋಗುತ್ತದೆ. ಸ್ಪಿರಿಟ್ ಹಾಕಿ ಒರೆಸುವುದೂ ಬೇಡ.

ಆಮೇಲೆ ಎರಡು ಪರೀಕ್ಷೆ. ಮೊದಲನೆಯದು ಸೊನ್ನೆಯ ಪರೀಕ್ಷೆ: ವ್ಯಾಕ್ಯೂಮ್ ಕ್ಲೀನರ್‌ನ ಹೆಪಾ ಫಿಲ್ಟರ್ (ಅತಿ ಸಣ್ಣ ಧೂಳನ್ನೂ ತಡೆಯುವ ಫಿಲ್ಟರ್) ಮೂಲಕ ಮಾತ್ರ ಗಾಳಿ ಬರುವಂತೆ ಸೆನ್ಸರ್‌ನ ಬಾಯಿಗೆ ಟೇಪು ಸುತ್ತಿ ಐದು ನಿಮಿಷ ಓಡಿಸಿ. ಅಂಕಿ 0-1ಕ್ಕೆ ಇಳಿಯಬೇಕು. 6-7ರಲ್ಲೇ ನಿಂತರೆ ಒಳಗೆ ಧೂಳು ಅಂಟಿದೆ ಅಥವಾ ಟೇಪು ಸೋರುತ್ತಿದೆ. ಎರಡನೆಯದು ಹೊಗೆಯ ಪರೀಕ್ಷೆ: ಮುಚ್ಚಿದ ಕೋಣೆಯಲ್ಲಿ ಪೆಟ್ಟಿಗೆಯಿಂದ ಎರಡು ಮೀಟರ್ ದೂರ ಒಂದು ಊದುಬತ್ತಿ ಹಚ್ಚಿ, ಒಂದು ನಿಮಿಷಕ್ಕೆ ಆರಿಸಿ. ಅಂಕಿ ಬೇಗ ಏರಿ, ಕಿಟಕಿ ತೆರೆದ ಮೇಲೆ ಇಳಿಯಬೇಕು. ಊದುಬತ್ತಿಯನ್ನು ಬಾಯಿಗೇ ಹಿಡಿಯುವವರಿದ್ದಾರೆ. ಅದರ ಅಂಟು ಲೇಸರ್ ಕಿಂಡಿಗೆ ಕೂತು ಸೆನ್ಸರ್ ಶಾಶ್ವತವಾಗಿ ಕೆಡುತ್ತದೆ.

ಎರಡು ಪೆಟ್ಟಿಗೆ ಹೊಂದದಿದ್ದರೆ ಒಂದೇ ಗೋಡೆಗೆ, ಒಂದೇ ಎತ್ತರಕ್ಕೆ, ಅರ್ಧ ಮೀಟರ್ ಅಂತರದಲ್ಲಿ ಕನಿಷ್ಠ ಮೂರು ದಿನ ಓಡಿಸಿ ಗಂಟೆಯ ಸರಾಸರಿ ಹೋಲಿಸಿ. ಅಂತರ 5 ಮೈಕ್ರೋಗ್ರಾಂ ಒಳಗೋ ಶೇ. 20ರ ಒಳಗೋ ಇದ್ದರೆ ಸಾಕು. ಒಂದು ಯಾವಾಗಲೂ ಇನ್ನೊಂದರ 1.3 ಪಟ್ಟು ಇದ್ದರೆ ಅದನ್ನು ಲೆಕ್ಕದಲ್ಲಿ ಸರಿಪಡಿಸಬಹುದು. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಎಂದು ಕುಣಿದರೆ ಆ ಸೆನ್ಸರ್ ತೆಗೆದುಹಾಕಿ. ಬೇರೆ ದೇಶದಲ್ಲಿ ಮಾಡಿದ ಸರಿಪಡಿಸುವ ಸೂತ್ರವನ್ನು ತಂದು ಇಲ್ಲಿಗೆ ಹಚ್ಚಬೇಡಿ. ಹೊಗೆಯ ಬಗೆ ಬೇರೆ, ತೇವಾಂಶ ಬೇರೆ. ಕೋಲಾರದವರಿಗೆ ಟಮಕ ಕೈಗಾರಿಕಾ ಪ್ರದೇಶದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರವಿದೆ. ಅನುಮತಿ ಕೇಳಿ ಅದರ ಪಕ್ಕದಲ್ಲಿ ಪೆಟ್ಟಿಗೆ ಇಟ್ಟು ಹೋಲಿಸಿದ ಅಂಕಿಗೆ ಇರುವ ತೂಕ ಬೇರೆ ಯಾವುದಕ್ಕೂ ಇಲ್ಲ.

ಸರಾಸರಿಯಲ್ಲಿ ಕರಗುವ ಹೊಗೆ, ಮಂಡಳಿಗೆ ಕೊಡುವ ಕಡತ

ನಮ್ಮ ರಾಷ್ಟ್ರೀಯ ಮಾನದಂಡದಲ್ಲಿ ಪಿಎಂ 2.5ಕ್ಕೆ 24 ಗಂಟೆಯ ಮಿತಿ 60 ಮೈಕ್ರೋಗ್ರಾಂ, ಪಿಎಂ 10ಕ್ಕೆ 100. ಕಸದ ಬೆಂಕಿಯಿಂದ ಎರಡು ಗಂಟೆ 300 ಇತ್ತು, ಉಳಿದ 22 ಗಂಟೆ 30 ಇತ್ತು ಎನ್ನಿ. 600 ಮತ್ತು 660 ಕೂಡಿಸಿ 24ರಿಂದ ಭಾಗಿಸಿದರೆ 52.5. ಜನ ಎರಡು ಗಂಟೆ ಕೆಮ್ಮಿ ಬಾಗಿಲು ಹಾಕಿಕೊಂಡ ದಿನ ಕಾಗದದ ಮೇಲೆ ಮಿತಿಯೊಳಗೇ ಇರುತ್ತದೆ. ‘ನಿಮ್ಮ ಮೀಟರ್ 300 ಎಂದಿತು, 24 ಗಂಟೆಯ ಅಳತೆ 52 ಎನ್ನುತ್ತದೆ, ಆದ್ದರಿಂದ ಮೀಟರ್ ಕೆಟ್ಟಿದೆ’ ಎಂಬ ಮಾತು ಬಂದರೆ ಈ ಲೆಕ್ಕವನ್ನು ಕಾಗದದಲ್ಲಿ ಮಾಡಿ ತೋರಿಸಿ. ಗಂಟೆಯ ಸರಾಸರಿ, 24 ಗಂಟೆಯ ಸರಾಸರಿ ಎರಡನ್ನೂ ಅಕ್ಕಪಕ್ಕ ಬರೆದುಕೊಡಿ.

1981ರ ವಾಯು ಕಾಯ್ದೆಯ 26ನೇ ಕಲಂ ಪ್ರಕಾರ ಚಿಮಣಿಯಿಂದಲೋ ಘಟಕದಿಂದಲೋ ಸಾಕ್ಷ್ಯಕ್ಕೆ ನಿಲ್ಲುವ ಮಾದರಿಯನ್ನು ಮಂಡಳಿಯೇ, ನೋಟಿಸು ಕೊಟ್ಟು, ವಿಧಿಬದ್ಧವಾಗಿ ತೆಗೆಯಬೇಕು. ನಿಮ್ಮ ಪೆಟ್ಟಿಗೆಯ ಅಂಕಿ ಅದಕ್ಕೆ ಬದಲಿಯಲ್ಲ. ಯಾವ ಗಂಟೆಗೆ, ಯಾವ ಗಾಳಿಗೆ, ಯಾವ ಜಾಗಕ್ಕೆ ಅವರು ಬರಬೇಕು ಎಂದು ತೋರಿಸುವುದು ಅದರ ಕೆಲಸ. ಆದ್ದರಿಂದ ಜಿಲ್ಲೆಯ ಪ್ರಾದೇಶಿಕ ಕಚೇರಿಗೆ ಕೊಡುವ ಪತ್ರದಲ್ಲಿ ಪೆಟ್ಟಿಗೆಯ ಅಕ್ಷಾಂಶ-ರೇಖಾಂಶ, ನೆಲದಿಂದ ಎತ್ತರ, ಸೆನ್ಸರ್‌ನ ಹೆಸರು ಮತ್ತು ವಯಸ್ಸು, ಸೊನ್ನೆಯ ಪರೀಕ್ಷೆ ಯಾವ ದಿನ ಮಾಡಿ ಎಷ್ಟು ಬಂತು, ಜೋಡಿ ಹೋಲಿಕೆಯಲ್ಲಿ ಅಂತರ ಎಷ್ಟು, ತೇವಾಂಶ ಶೇ. 90 ಮೀರಿದ ಗಂಟೆಗಳು ಯಾವುವು, ಕರೆಂಟಿಲ್ಲದ ಗಂಟೆಗಳು ಯಾವುವು ಎಂಬುದೆಲ್ಲ ಇರಲಿ. ದೋಷಗಳನ್ನು ಮುಚ್ಚಿಟ್ಟ ಕಡತಕ್ಕಿಂತ ತೋರಿಸಿಕೊಂಡ ಕಡತವನ್ನು ಅಧಿಕಾರಿ ಹೆಚ್ಚು ಗೌರವದಿಂದ ಓದುತ್ತಾರೆ.

ಮಂಡಳಿಯವರು ಬಂದು ಮಾದರಿ ತೆಗೆಯುವವರೆಗೆ ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಬೇಡಿ. ಪಿಎಂ 2.5 ಮಾದರಿ ಯಂತ್ರ ನಿಮಿಷಕ್ಕೆ 16.7 ಲೀಟರ್‌ನಂತೆ 24 ಗಂಟೆಯಲ್ಲಿ 24 ಘನ ಮೀಟರ್ ಗಾಳಿ ಎಳೆಯುತ್ತದೆ. ಅದು ಓಡುವಷ್ಟು ಹೊತ್ತು ನಿಮ್ಮದನ್ನೂ ಅದರ ಪಕ್ಕದಲ್ಲೇ ಓಡಿಸಲು ಅನುಮತಿ ಕೇಳಿ, ಯಂತ್ರ ಶುರುವಾದ ಮತ್ತು ನಿಂತ ನಿಮಿಷವನ್ನು ಬರೆದುಕೊಳ್ಳಿ. ಫಿಲ್ಟರ್ ತೂಕದ ವರದಿ ಬಂದಾಗ ಅದೇ ನಿಮಿಷಗಳ ನಡುವಿನ ನಿಮ್ಮ ಸರಾಸರಿಯಿಂದ ಅದನ್ನು ಭಾಗಿಸಿ. ಬಂದ ಅಂಕಿಯಿಂದ ಘಟನೆಯ ದಿನದ ಗಂಟೆವಾರು ಅಂಕಿಗಳನ್ನು ಗುಣಿಸಿ, ಮೂಲ ಅಂಕಿಯನ್ನೂ ಉಳಿಸಿಕೊಂಡು, ಹೊಸ ಕಾಲಂನಲ್ಲಿ ಬರೆದು ಕಡತದ ಎರಡನೇ ಪ್ರತಿಯನ್ನು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.